ಕಣಗಳ ವರ್ಗೀಕರಣ: ದ್ರವ್ಯರಾಶಿಯಿಂದ ವರ್ತನೆಗೆ

ಲೆಪ್ಟಾನ್, ಮೆಸಾನ್, ಬೇರಿಯಾನ್ ಎಂಬ ಹೆಸರುಗಳಿಗೆ ಗ್ರೀಕ್ ಮೂಲದಲ್ಲಿ ಕ್ರಮವಾಗಿ ಸಣ್ಣದು, ನಡುವಣದು, ಭಾರವಾದದ್ದು ಎಂಬ ಅರ್ಥಗಳಿವೆ. ಆದರೆ ಇಂದಿನ ವರ್ಗೀಕರಣಕ್ಕೆ ದ್ರವ್ಯರಾಶಿ ಆಧಾರವಲ್ಲ. ಈ ಪಲ್ಲಟವನ್ನು ಮ್ಯೂಆನ್ ಕಣದ ಚರಿತ್ರೆ ಸ್ಪಷ್ಟಪಡಿಸುತ್ತದೆ.

ಪರಮಾಣು ಬೀಜವನ್ನು ಬಂಧಿಸಿಡುವ ಬಲಕ್ಕೆ ಎಲೆಕ್ಟ್ರಾನಿನ ಸುಮಾರು 200 ಪಟ್ಟು ರಾಶಿಯ ಕಣವೊಂದು ವಾಹಕವೆಂದು ಜಪಾನಿನ ಹಿಡೆಕಿ ಯುಕಾವಾ 1935ರಲ್ಲಿ ಪ್ರತಿಪಾದಿಸಿದರು. ಮರುವರ್ಷ ಅಮೆರಿಕದ ಕಾರ್ಲ್ ಆಂಡರ್ಸನ್ ಮತ್ತು ಸೇತ್ ನೆಡರ್‌ಮೈಯರ್ ವಿಶ್ವಕಿರಣಗಳಲ್ಲಿ ಅಂಥದೇ ನಡುವಣ ರಾಶಿಯ ಕಣವನ್ನು ಕಂಡರು. ರಾಶಿ ಹೊಂದಿದ್ದರಿಂದ ಅದೇ ಯುಕಾವಾ ಕಣವೆಂಬ ಭಾವನೆ ಬಲವಾಯಿತು. ಆದರೆ ರೋಮಿನ ಕಾನ್ವೆರ್ಸಿ, ಪಂಚೀನಿ, ಪಿಚ್ಚೋನಿ 1947ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗಾಲದಲ್ಲಿ ನಿಂತ ಋಣವಿದ್ಯುತ್ತಿನ ಕಣಗಳು ಬೀಜಕ್ಕೆ ಸೆರೆಯಾಗದೆ ಬಹುಮಟ್ಟಿಗೆ ತಾವಾಗಿಯೇ ಕ್ಷಯಿಸಿದವು. ಬೀಜವನ್ನು ಬಂಧಿಸುವ ಕಣ ಬೀಜವನ್ನೇ ಹೀಗೆ ಕಡೆಗಣಿಸುವಂತಿರಲಿಲ್ಲ. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ತಂಡವು ನಿಜವಾದ ಯುಕಾವಾ ಕಣವನ್ನು, ಅಂದರೆ ಪಯಾನನ್ನು ಗುರುತಿಸಿತು. ಮೊದಲಿನದು ಕೆಲಕಾಲ ಮ್ಯೂ-ಮೆಸಾನ್ ಎನಿಸಿಕೊಂಡು, ಕಡೆಗೆ ಎಲೆಕ್ಟ್ರಾನಿನ ಬಳಗ ಸೇರಿತು.

ಹೀಗೆ, ಕಣದ ತೂಕಕ್ಕಿಂತ ಅದು ಯಾವ ಬಲಕ್ಕೆ ಸ್ಪಂದಿಸುತ್ತದೆ ಎಂಬುದೇ ಮುಖ್ಯವಾಯಿತು. ಪ್ರಬಲ ಬಲಕ್ಕೆ ಒಳಪಡುವ ಮೆಸಾನ್, ಬೇರಿಯಾನ್‌ಗಳು ಹೇಡ್ರಾನ್‌ಗಳು. ಎಲೆಕ್ಟ್ರಾನ್, ಮ್ಯೂಆನ್, ನ್ಯೂಟ್ರಿನೊಗಳು ಲೆಪ್ಟಾನ್‌ಗಳು. 1975ರಲ್ಲಿ ವರದಿಯಾದ ಟೌ ಕಣ ಪ್ರೋಟಾನಿನ ಸುಮಾರು 1.9 ಪಟ್ಟು ಭಾರವಿದ್ದರೂ ಲೆಪ್ಟಾನೆಂದೇ ಪರಿಗಣಿತವಾದುದು ಈ ಕಾರಣದಿಂದಲೇ.