ಹಡರ್ಸ್‌ಫೀಲ್ಡಿನ ವೃಂದಗಾನ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಉಣ್ಣೆಯ ಗಿರಣಿಗಳ ಸದ್ದಿನ ನಡುವೆ ದಿನ ಕಳೆಯುತ್ತಿದ್ದ ಕಾರ್ಮಿಕರೂ ಅಂಗಡಿಕಾರರೂ ಸಂಜೆಯ ಬಿಡುವಿನಲ್ಲಿ ಕೂಡಿ ಹಾಡುವ ಪದ್ಧತಿಯು ಯಾವ ರಾಜಾಶ್ರಯವನ್ನೂ ನೆಚ್ಚದೆ ಬೆಳೆದುದು ಗಮನಾರ್ಹವಾದ ಸಂಗತಿ. ಅಲ್ಲಿನ ಹಡರ್ಸ್‌ಫೀಲ್ಡ್ ಊರಿನಲ್ಲಿ 1836ರಲ್ಲಿ ಸ್ಥಾಪಿತವಾದ ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿಯು ಇಂದಿಗೂ ಹಾಡುತ್ತಿದೆ. ಸಂಗೀತಕಾರ ಹ್ಯಾಂಡೆಲನ ‘ಮೆಸಾಯ’ ಎಂಬ ವೃಂದಗಾನಕೃತಿಯಿಲ್ಲದ ಕ್ರಿಸ್‌ಮಸ್ಸನ್ನು ಆ ಊರು ಊಹಿಸಲಾರದು.

ನೊವೆಲ್ಲೊ ಪ್ರಕಾಶನದ ಅಗ್ಗದ ಸಂಗೀತಪ್ರತಿಗಳೂ ಈ ಪದ್ಧತಿಯ ವಿಸ್ತಾರಕ್ಕೆ ಕಾರಣವಾದುವೆನ್ನಿ. ಆದರೆ ನನಗೆ ಹೆಚ್ಚು ರುಚಿಸುವುದು ಸ್ವರಲಿಪಿಯ ಕಥೆ. ನಾರ್ವಿಚ್ಚಿನ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಮಕ್ಕಳಿಗೆಂದು ರೂಪಿಸಿದ ಕ್ರಮವನ್ನು ಜಾನ್ ಕರ್ವೆನ್ ಎಂಬ ಪಾದ್ರಿಯು 1840ರ ದಶಕದಲ್ಲಿ ಸಂಸ್ಕರಿಸಿ, ‘ಟಾನಿಕ್ ಸೋಲ್‌ಫಾ’ ಎಂದು ಪ್ರಚುರಪಡಿಸಿದನು. ಐದು ಗೆರೆಗಳ ಮೇಲಿನ ಚುಕ್ಕೆಗಳನ್ನು ಕೈಬಿಟ್ಟು, ಡೊ, ರೆ, ಮಿಗಳ ಆದ್ಯಕ್ಷರಗಳನ್ನಷ್ಟೇ ಸಾಲಾಗಿ ಬರೆಯುವ ಈ ಲಿಪಿಯಲ್ಲಿ ‘ಡೊ’ ಯಾವ ಶ್ರುತಿಗೂ ಹೊಂದಬಲ್ಲುದು. ಆಧಾರಷಡ್ಜವನ್ನು ಬಲ್ಲ ನಮ್ಮವರಿಗೆ ಇದರಲ್ಲಿ ವಿವರಿಸಬೇಕಾದುದೇನೂ ಇಲ್ಲ.

ಬಾಲ್ಯದಲ್ಲಿ ಹಾಡಿ, ಸಂಸಾರದ ತಾಪತ್ರಯಗಳಲ್ಲಿ ಬಿಟ್ಟು, ನಿವೃತ್ತಿಯ ಬಳಿಕ ಮರಳಿ ಬರುವವರಿಗೆ, ಹೀಗೆ ಸಾಮಾನ್ಯರ ನಡುವೆ ಬೆಳೆದ ವೃಂದಗಾನದಷ್ಟು ಉದಾರವಾದ ಕಲೆ ಬೇರೊಂದಿಲ್ಲ. ವಯಸ್ಸಾದಂತೆ ಸ್ತ್ರೀಯರ ಧ್ವನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಸೊಪ್ರಾನೊ ಎಂಬ ಮೇಲುಧ್ವನಿಯ ಸಾಲಿನಲ್ಲಿ ನಿಂತಿದ್ದವರು ಆಲ್ಟೊ ಎಂಬ ಕೆಳಧ್ವನಿಯ ಸಾಲಿಗೆ ಸರಿದರಾಯಿತು. ದೀರ್ಘಸ್ವರದ ನಡುವೆ ಉಸಿರು ಸಾಲದೆ ಹೋದರೆ, ಪಕ್ಕದವರು ಹಾಡುತ್ತಿರುವಾಗ ಒಬ್ಬೊಬ್ಬರು ಒಂದೊಂದೆಡೆ ಉಸಿರೆಳೆದುಕೊಳ್ಳುವುದು ಅಲ್ಲಿ ದೋಷವಲ್ಲ, ಅಂಗೀಕೃತವಾದ ಕ್ರಮ. ಹೀಗಿದ್ದೂ ಕೆಲವು ವೃಂದಗಳು ಹಿರಿಯರನ್ನು ಮತ್ತೆ ಮತ್ತೆ ಧ್ವನಿಪರೀಕ್ಷೆಗೆ ಗುರಿಪಡಿಸುತ್ತವೆ. ಗುಣಮಟ್ಟದ ದೃಷ್ಟಿಯಿಂದ ಅದು ಯುಕ್ತವಿರಬಹುದಾದರೂ, ಹವ್ಯಾಸಿಗಳ ಸಂಘಕ್ಕೆ ಶೋಭಿಸದೆಂದೇ ನನ್ನ ಮತ.