ಅರ್ಕಾವತಿಯೂ ಬೆಂಗಳೂರು ನಗರದ ನೀರಿನ ಋಣವೂ

ಜಲವೇ ಜನಪದದ ಜೀವವೆಂಬುದು ಸರ್ವರೂ ಬಲ್ಲ ಮಾತು. ಆದರೆ ಆ ಜೀವವನ್ನು ಉಳಿಸಿಕೊಳ್ಳುವ ವೆಚ್ಚವನ್ನು ಯಾರು ತೆರಬೇಕು, ಯಾವಾಗ ತೆರಬೇಕು, ಯಾವುದರ ಸಲುವಾಗಿ ತೆರಬೇಕೆಂಬ ಪ್ರಶ್ನೆಗಳಿಗೆ ಒಂದೊಂದು ಕಾಲವು ಒಂದೊಂದು ಬಗೆಯ ಉತ್ತರವನ್ನು ಕೊಟ್ಟಿದೆ. ಬೆಂಗಳೂರು ನಗರದ, ಅದರಲ್ಲಿಯೂ ಅದರ ಪಶ್ಚಿಮಭಾಗದ, ನೀರಿನ ಚರಿತ್ರೆಯು ಈ ಉತ್ತರಗಳನ್ನು ಒಂದಾದಮೇಲೊಂದರಂತೆ ತೋರಿಸುವುದು.

ಈ ನಗರವು ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದ ದಿಣ್ಣೆಯಮೇಲೆ ನಿಂತಿರುವುದು; ಮಹಾನದಿಗಳಾವುವೂ ಇದರ ಸಮೀಪದಲ್ಲಿ ಹರಿಯುವುದಿಲ್ಲ. ಆದುದರಿಂದಲೇ 1537ರಲ್ಲಿ ಕೋಟೆ ಪೇಟೆಗಳನ್ನು ನಿರ್ಮಿಸಿದ ಕೆಂಪೇಗೌಡರ ವಂಶದವರು ಕೆರೆಗಳನ್ನೂ ಕಟ್ಟಿಸಿದರು. ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಹೆಸರುಗಳು ಆ ಕಾಲದ ಸಂಕಲ್ಪವನ್ನು ಈಗಲೂ ಸಾರುತ್ತಿವೆ. ಮಳೆಯ ನೀರು ಒಂದು ಕೆರೆಯನ್ನು ತುಂಬಿ, ಕೋಡಿಬಿದ್ದು, ಕೆಳಗಿನ ಮತ್ತೊಂದು ಕೆರೆಗೆ ಇಳಿಯುತ್ತಿದ್ದಿತು.

ಕೆರೆಯನ್ನು ಕಟ್ಟಿಸುವುದಕ್ಕಿಂತ ಅದನ್ನು ಕಾಪಾಡುವುದು ಕಠಿನವೆಂಬುದನ್ನು ಕನ್ನಡನಾಡಿನ ಹಿರಿಯರು ಚೆನ್ನಾಗಿ ಅರಿತಿದ್ದರು. ಶಾಸನಗಳಲ್ಲಿ ಬರುವ ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಶಬ್ದಗಳು ಇದಕ್ಕೆ ಸಾಕ್ಷಿಗಳು. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಜೀರ್ಣೋದ್ಧಾರ ಮಾಡಿದವನಿಗೂ ಭೂಮಿಯನ್ನು ಬಿಡುತ್ತಿದ್ದರು. ಆ ನೀರಿನಿಂದ ಬೆಳೆದ ಬೆಳೆಯಲ್ಲಿ ಒಂದು ಪಾಲನ್ನಾಗಲಿ, ಅದರಡಿಯ ಗದ್ದೆಯಲ್ಲಿ ಒಂದು ಭಾಗವನ್ನಾಗಲಿ ಹೂಳೆತ್ತುವುದಕ್ಕೂ ಏರಿಯನ್ನು ಬಲಪಡಿಸುವುದಕ್ಕೂ ಮೀಸಲಿಡುತ್ತಿದ್ದರು. ತೂಬನ್ನು ತೆರೆದು ಮುಚ್ಚುವ ನೀರುಗಂಟಿಗೂ ಜೀವನಾಧಾರವು ಗೊತ್ತಾಗಿದ್ದಿತು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯ ಕೆಲಸವನ್ನು ಕಾಯಕವೆಂದು ಕೈಕೊಂಡುದನ್ನು ಶರಣಚರಿತ್ರೆಗಳು ಕೊಂಡಾಡುತ್ತವೆ. ನೀರನ್ನು ಉಂಡವನು ನೀರಿನ ಮೂಲಕ್ಕೂ ಒಂದು ಪಾಲನ್ನು ಸಲ್ಲಿಸಬೇಕೆಂಬುದೇ ಈ ವ್ಯವಸ್ಥೆಯ ತಿರುಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಬೆಳೆದು, ಪೇಟೆಯ ಪಕ್ಕದಲ್ಲಿ ದಂಡುಪ್ರದೇಶವೂ ನೆಲಸಿದಮೇಲೆ ಕೆರೆಬಾವಿಗಳು ಸಾಲದಾದುವು. 1876ರಿಂದ 1878ರವರೆಗಿನ ಘೋರ ಕ್ಷಾಮವು ಈ ಕೊರತೆಯನ್ನು ಎಲ್ಲರ ಕಣ್ಣಿಗೂ ಕಾಣಿಸಿತು. 1882ರಲ್ಲಿ ಸ್ಯಾಂಕಿ ಕೆರೆಯು ನಿರ್ಮಿತವಾಯಿತು. ಆ ಬಳಿಕ ದಿವಾನರಾದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬರುವ ಅರ್ಕಾವತೀ ನದಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟೆಯನ್ನು ಕಟ್ಟಲಾಯಿತು. ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಹರಿದುಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ ಮಲ್ಲೇಶ್ವರದ ಕಡೆಗೆ ಸಾಗಿಸುತ್ತಿದ್ದರು. 1896ರಲ್ಲಿ ಕೊಳಾಯಿಯ ನೀರು ನಗರವನ್ನು ಮುಟ್ಟಿತು. 1894ರ ಕೊನೆಯಲ್ಲಿ ಕೀರ್ತಿಶೇಷರಾದ ಚಾಮರಾಜೇಂದ್ರ ಒಡೆಯರವರ ನಾಮಧೇಯವನ್ನು ಈ ಜಲಾಗಾರವು ಧರಿಸಿತು.

ಬಾವಿಯಿಂದ ಸೇದುವ ನೀರಿಗೆ ತೋಳಿನ ಶ್ರಮವು ಬೆಲೆಯಾಗಿದ್ದರೆ, ಕೊಳಾಯಿಯ ನೀರಿಗೆ ಯಂತ್ರ, ಇಂಧನ, ನೌಕರರ ಸಂಬಳ, ಕೊಳವೆಗಳ ದುರಸ್ತಿ ಇವೆಲ್ಲವೂ ಬೆಲೆಯಾದುವು. ಸಂಸ್ಥಾನದ ಬೊಕ್ಕಸವು ಮೂಲಧನವನ್ನು ಹೊತ್ತಿತು. ಅಂದಿನಿಂದ ನೀರೆಂಬುದು ಊರವರ ಕೂಡುಗೆಲಸವಾಗಿ ಉಳಿಯದೆ, ಸರ್ಕಾರವು ಒದಗಿಸುವ ಸೌಕರ್ಯವಾಯಿತು. ಬಳಸುವವನಿಗೂ ಮೂಲಕ್ಕೂ ಇದ್ದ ನಂಟು ಇಲ್ಲಿಯೇ ಸಡಿಲವಾಯಿತೆಂದು ಹೇಳಬಹುದು.

ಮೂವತ್ತು ವರ್ಷಗಳು ತುಂಬುವಷ್ಟರಲ್ಲಿ, 1920ರ ದಶಕದ ನಡುವೆ, ಮಳೆಯು ಕೈಕೊಟ್ಟು ಹೆಸರಘಟ್ಟದ ಜಲಾಶಯವು ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯು ಹೊಸ ಮೂಲವನ್ನು ಹುಡುಕಿ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯನ್ನು ಆರಿಸಿತು. ನಗರಕ್ಕೆ ಪಶ್ಚಿಮದಲ್ಲಿ ಸುಮಾರು 28 ಕಿಲೋಮೀಟರು ದೂರದ ಆ ಸ್ಥಳದಲ್ಲಿ, ಸರ್ ಮಿರ್ಜಾ ಇಸ್ಮಾಯಿಲರವರು ದಿವಾನರಾಗಿದ್ದಾಗ, 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಅದರ ಧಾರಣಶಕ್ತಿಯು 3 ಟಿ.ಎಂ.ಸಿ. ಅಡಿಗಳಿಗಿಂತ ಅಧಿಕವಾದುದು. ಸ್ವಾತಂತ್ರ್ಯಾನಂತರ ನಗರವು ಪಡುವಲಿಗೆ ಹಬ್ಬಿ ರಾಜಾಜಿನಗರ, ವಿಜಯನಗರ ಮೊದಲಾದ ಬಡಾವಣೆಗಳು ತಲೆಯೆತ್ತಿದಾಗ, ಆ ಭಾಗದ ಅಸಂಖ್ಯ ಕುಟುಂಬಗಳು ಈ ನೀರನ್ನೇ ಕುಡಿದು ಬೆಳೆದುವು. ಆದರೆ ಅದೇ ವಿಸ್ತರಣದಲ್ಲಿ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ ಮೊದಲಾದ ಹಳ್ಳಿಗಳ ಕೆರೆಗಳು ನಿವೇಶನ ಮೈದಾನಗಳಲ್ಲಿ ಲೀನವಾದುವು. ದೂರದ ನೀರು ಮನೆಯ ಬಾಗಿಲಿಗೆ ಬಂದಮೇಲೆ ಹತ್ತಿರದ ನೀರು ಯಾರಿಗೂ ಬೇಡವಾಯಿತು.

1964ರ ಅಧಿನಿಯಮದಂತೆ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸ್ಥಾಪಿತವಾಗಿ, ಕಾವೇರಿಯನ್ನು ತರುವ ಮಹತ್ಕಾರ್ಯವು ಮುಂದುವರಿಯಿತು. ಮಳವಳ್ಳಿ ಸೀಮೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರಕ್ಕೆ ನೀರು ಬರಬೇಕು. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಒತ್ತಿ, ಒಟ್ಟಿನಲ್ಲಿ ಸುಮಾರು 500 ಮೀಟರು ಎತ್ತರಕ್ಕೆ ಏರಿಸಬೇಕು. 1974ರಲ್ಲಿ ಮೊದಲನೆಯ ಹಂತವು ದಿನಕ್ಕೆ 13.5 ಕೋಟಿ ಲೀಟರು ನೀರನ್ನು ತಂದಿತು. 1982, 1993, 2002, 2012 ಈ ವರ್ಷಗಳಲ್ಲಿ ಮುಂದಿನ ಹಂತಗಳು ಪೂರೈಸಿದುವು. ಪ್ರತಿ ಹಂತವೂ ಮುಗಿಯುವ ಹೊತ್ತಿಗೆ ನಗರವು ಅದನ್ನು ಮೀರಿ ಬೆಳೆದಿರುತ್ತಿದ್ದಿತು.

ಇನ್ನು ವೆಚ್ಚದ ವಿಚಾರ. ನೀರನ್ನು ಏರಿಸುವ ವಿದ್ಯುಚ್ಛಕ್ತಿಯೇ ಮಂಡಳಿಯ ಆದಾಯದ ಬಹುದೊಡ್ಡ ಪಾಲನ್ನು ನುಂಗುವುದು. ಇತ್ತೀಚಿನ ಹಂತಗಳಿಗೆ ಜಪಾನು ದೇಶದ ಸಾಲವೇ ಮುಖ್ಯ ಆಧಾರವಾಯಿತು. 2014ರಲ್ಲಿ ಗೊತ್ತಾದ ದರದಂತೆ ಗೃಹಬಳಕೆಯ ಮೊದಲ 8,000 ಲೀಟರುಗಳಿಗೆ ಸಾವಿರಕ್ಕೆ 7 ರೂಪಾಯಿ ಮಾತ್ರವೇ ಇದ್ದಿತು. ಹೆಚ್ಚು ಬಳಸಿದಂತೆ ದರವು ಏರುತ್ತಿದ್ದಿತು. ಬಡವನ ಕೊಡಕ್ಕೆ ಭಾರವಾಗಬಾರದೆಂಬ ಈ ಕ್ರಮವು ನ್ಯಾಯವಾದುದೇ ಸರಿ. ಆದರೆ ಆ ದರವು 2025ರ ಏಪ್ರಿಲ್ ತಿಂಗಳವರೆಗೂ ಬದಲಾಗದೆ ನಿಂತುದರಿಂದ, ವೆಚ್ಚಕ್ಕೂ ವಸೂಲಿಗೂ ನಡುವಣ ಕಂದರವು ವರ್ಷವರ್ಷಕ್ಕೂ ಅಗಲವಾಯಿತು.

ಕೊಳಾಯಿಯೇ ಇಲ್ಲದವರ ಪಾಡು ಬೇರೆ. 2000ದ ದಶಕದಲ್ಲಿ, ಆಗ ನಗರದ ಹೊರಗಣ ಪುರಸಭೆಯಾಗಿದ್ದ ಕೆಂಗೇರಿಗೂ ಸುತ್ತಣ ಏಳು ನಗರಸಭೆಗಳಿಗೂ ನೀರನ್ನು ಒಯ್ಯುವ ಬೃಹತ್ ಯೋಜನೆಯು ಹೊರಟಿತು. ಅದರ ಹಣಕ್ಕಾಗಿ 2005ರಲ್ಲಿ 100 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಿದುದಲ್ಲದೆ, ಫಲಾನುಭವಿಗಳ ವಂತಿಗೆಯೆಂದು ಮನೆಯೊಡೆಯರಿಂದಲೂ ಮುಂಗಡವಾಗಿ ಹಣವನ್ನು ಕೇಳಲಾಯಿತು. ನೀರು ಕಾಣುವ ಮೊದಲೇ ಹಣವನ್ನು ಕಟ್ಟಿ, ಕಟ್ಟಿದಮೇಲೆಯೂ ವರ್ಷಗಟ್ಟಲೆ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಬೇಕಾಗಿ ಬಂದವರ ಅಸಮಾಧಾನವು ಅಕಾರಣವಾದುದಲ್ಲ. ಮೊದಲೇ ನೀರು ಪಡೆದವರ ತಂದೆತಾತಂದಿರಿಗೆ ಬೊಕ್ಕಸವು ಹೊತ್ತ ಭಾರವನ್ನು, ಕಡೆಗೆ ಬಂದವರು ತಾವೇ ಹೊರಬೇಕಾಯಿತು.

ಇಲ್ಲಿ ನೆಲದ ಇಳಿಜಾರನ್ನೂ ಗಮನಿಸಬೇಕು. ಬೆಂಗಳೂರಿನ ಪೂರ್ವಭಾಗದ ನೀರು ದಕ್ಷಿಣಪಿನಾಕಿನಿಗೆ ಇಳಿಯುವುದು. ಪಶ್ಚಿಮಭಾಗದ್ದು ವೃಷಭಾವತಿಯ ಮೂಲಕ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುವುದು. 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಾಧಿಕರಣವು ನಗರದ ಮೂರನೆಯ ಒಂದು ಭಾಗ ಮಾತ್ರವೇ ಕಾವೇರೀ ಕೊಳ್ಳದಲ್ಲಿರುವುದೆಂದು ಎಣಿಸಿ ಕುಡಿಯುವ ನೀರನ್ನು ಲೆಕ್ಕಹಾಕಿದ್ದಿತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ನಗರದ ಬಾಯಾರಿಕೆಯನ್ನು ಪರಿಗಣಿಸಿ, ಬೆಂಗಳೂರಿಗಾಗಿ 4.75 ಟಿ.ಎಂ.ಸಿ. ಅಡಿಗಳನ್ನು ಹೆಚ್ಚಾಗಿ ಕೊಟ್ಟಿತು. ಕಾವೇರಿಯಿಂದ ಪಡೆದುದನ್ನು ನಗರದ ಪಡುವಣ ಭಾಗವು ಕಾವೇರಿಗೇ ಹಿಂದಿರುಗಿಸುತ್ತಿದೆ. ಆದರೆ ಹೇಗೆ? ಗಾಳಿ ಆಂಜನೇಯಸ್ವಾಮಿಯ ಗುಡಿಯ ಪಕ್ಕದಲ್ಲಿ ಹಿಂದೆ ತಿಳಿಯಾಗಿ ಹರಿದ ವೃಷಭಾವತಿಯು, ಇಂದು ಕೆಂಗೇರಿಯನ್ನು ದಾಟುವಾಗ ಮೂಗು ಮುಚ್ಚಿಕೊಳ್ಳಬೇಕಾದ ಕೊಚ್ಚೆಯ ಹೊಳೆಯಾಗಿದೆ. ಕೆಳಗಣ ಬೈರಮಂಗಲದ ರೈತರು ನಗರದ ಈ ಲೆಕ್ಕವಿಲ್ಲದ ವೆಚ್ಚವನ್ನು ತಮ್ಮ ಹೊಲಗದ್ದೆಗಳಲ್ಲಿ ತೆರುತ್ತಿದ್ದಾರೆ.

ಅರ್ಕಾವತಿಯ ಗತಿಯೂ ಶೋಚನೀಯವಾದುದೇ. ಜಲಾನಯನದ ಕೆರೆಗಳು ಒಡೆದುವು, ಕಾಲುವೆಗಳು ಮುಚ್ಚಿದುವು, ನೀಲಗಿರಿಯ ತೋಪುಗಳೂ ಕೊಳವೆಬಾವಿಗಳೂ ನೆಲದೊಳಗಣ ತೇವವನ್ನು ಹೀರಿದುವು. 2003ರಲ್ಲಿ ಸರ್ಕಾರವು ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ನಿರ್ಬಂಧಗಳನ್ನು ವಿಧಿಸಿತು. 2019ರಲ್ಲಿ ಅವು ಸಡಿಲಗೊಂಡುವು. 2012ರ ಹೊತ್ತಿಗೆ ಚಾಮರಾಜಸಾಗರದಿಂದ ನಗರಕ್ಕೆ ನೀರೆತ್ತುವುದೇ ನಿಂತಿದ್ದಿತು. ಕಟ್ಟೆಯು ಮುರಿದಿರಲಿಲ್ಲ, ಯಂತ್ರವು ಕೆಟ್ಟಿರಲಿಲ್ಲ. ಮೂಲವನ್ನು ಕಾಯುವುದಕ್ಕೆ ಮಾತ್ರ ಒಂದು ಪಾಲೂ ಮೀಸಲಾಗಿರಲಿಲ್ಲ.

2024ರ ಬೇಸಗೆಯಲ್ಲಿ ನಗರದ ಸರ್ಕಾರೀ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಒಣಗಿ, ಜನರು ಖಾಲಿ ಕೊಡಗಳನ್ನು ಹಿಡಿದು ಟ್ಯಾಂಕರಿನ ದಾರಿಯನ್ನು ಕಾದರು. ಅದೇ ವರ್ಷ ಅಕ್ಟೋಬರು 16ರಂದು ಐದನೆಯ ಹಂತವು ಉದ್ಘಾಟಿತವಾಗಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ತರುವ ಶಕ್ತಿಯು ಒದಗಿತು. ಇದು ಸಂತೋಷದ ವಿಷಯವೇ. ಆದರೆ ಹೆಸರಘಟ್ಟವು ಬತ್ತಿದಾಗ ತಿಪ್ಪಗೊಂಡನಹಳ್ಳಿಗೆ, ಅದು ಸಾಲದಾದಾಗ ಕಾವೇರಿಗೆ ಹೋದ ನಗರಕ್ಕೆ, ಕಾವೇರಿಯ ಆಚೆಗೆ ಸುಲಭವಾಗಿ ಕೈಗೆಟಕುವ ಮತ್ತೊಂದು ನದಿಯಿಲ್ಲ.

ಪೂರ್ವಿಕರ ಬಿತ್ತುವಟ್ಟವು ಗದ್ದೆಯ ಕಾಲದ್ದು. ಅದನ್ನು ಹಾಗೆಯೇ ಮರಳಿ ತರಲಾಗದು. ಆದರೆ ಅದರ ನ್ಯಾಯವು ಹಳತಾಗಿಲ್ಲ. ಮನೆಮನೆಯೂ ತೆರುವ ನೀರಿನ ಕಂದಾಯದಲ್ಲಿ ಯಂತ್ರಕ್ಕೊಂದು ಪಾಲು, ಸಾಲಕ್ಕೊಂದು ಪಾಲು ಸಲ್ಲುವಂತೆ, ಅರ್ಕಾವತಿಯ ಕೆರೆಗಳ ಹೂಳಿಗೂ ವೃಷಭಾವತಿಯ ಶುದ್ಧಿಗೂ ಒಂದು ಪಾಲು ತಪ್ಪದೆ ಮೀಸಲಾಗಿ, ಅದರ ಜಮಾಖರ್ಚು ಎಲ್ಲರಿಗೂ ಕಾಣುವಂತಾದರೆ, ಕೊಡುವವರೂ ಗೊಣಗದೆ ಕೊಡುವರು. ಕೊಳಾಯಿಯನ್ನು ತಿರುಗಿಸುವ ಕೈಗೆ ಅದರ ಮೂಲದ ನೆನಪು ಇರಲಿ. ಆ ಋಣವು ತೀರುತ್ತಿರುವವರೆಗೆ ಊರಿಗೆ ನೀರಿನ ಬಡತನವು ಬಾರದಿರಲಿ.