ಚಾಕಲೇಟ್ ಬೇಗಡೆ ಸುತ್ತಿದ ಕಾರ್ಕಿನ ಮೀನು

ಕೆರೆ ಏರಿ ಮೇಲೆ ಗಾಳ ಹಿಡಿದು ಕೂತವರಿಗೆಲ್ಲ ಗೊತ್ತು, ಮೀನಿಗಿಂತ ಎರೆಹುಳು ಹುಡುಕೋದೇ ದೊಡ್ಡ ಕೆಲಸ. ಫಿನ್ಲೆಂಡ್ ದೇಶದ ಲೌರಿ ರಾಪಾಲಾ ಎಂಬ ಬಡ ಮೀನುಗಾರನಿಗೂ ಇದೇ ತಾಪತ್ರಯ. ಪೈಯಾನ್ನೆ ಎಂಬ ದೊಡ್ಡ ಸರೋವರದಲ್ಲಿ ದೋಣಿ ನಡೆಸಿ ಸಂಸಾರ ಸಾಕಬೇಕು. ಸಾಲು ಸಾಲು ಗಾಳಗಳಿಗೆ ದಿನಾ ಸಣ್ಣ ಮೀನು ಹಿಡಿದು ಸಿಕ್ಕಿಸಬೇಕು. ಅರ್ಧ ದಿನ ಅದಕ್ಕೇ ಹೋದರೆ ದುಡಿಮೆ ಎಲ್ಲಿಂದ ಬರಬೇಕು?

1905ರಲ್ಲಿ ಹುಟ್ಟಿದವನು. ಅವನ ಅಡ್ಡಹೆಸರಿನದ್ದೂ ಒಂದು ಕಥೆ. ಚಿಕ್ಕವನಿದ್ದಾಗ ತಾಯಿ ಜೊತೆ ಬೇರೆ ಊರಿಗೆ ಬಂದಾಗ, ಅಲ್ಲಿನ ಪಾದ್ರಿಗೆ ಇವರ ಅಡ್ಡಹೆಸರು ನೆನಪಾಗದೆ, ಬಿಟ್ಟು ಬಂದ ಊರಿನ ಹೆಸರನ್ನೇ ಬರೆದುಕೊಂಡರಂತೆ.

ದೋಣಿಯಲ್ಲಿ ಕೂತು ಲೌರಿ ನೀರನ್ನೇ ನೋಡುತ್ತಿದ್ದ. ಸಣ್ಣ ಮೀನುಗಳ ಹಿಂಡಿನ ಮೇಲೆ ದೊಡ್ಡ ಮೀನು ನುಗ್ಗಿದಾಗ, ಅದು ಬಾಯಿ ಹಾಕುತ್ತಿದ್ದದ್ದು ಗಾಯವಾಗಿ ಓಲಾಡುತ್ತಾ ಈಜುವ ಮೀನಿಗೇ. ಹಾಗಾದರೆ ಆ ಓಲಾಟವನ್ನೇ ಮಾಡಿಬಿಟ್ಟರೆ?

1936ರಲ್ಲಿ ಕೈಗೆ ಸಿಕ್ಕಿದ ಸಾಮಾನಿನಲ್ಲೇ ಶುರು ಮಾಡಿದ. ಬಾಟ್ಲಿಗೆ ಬಿರಡೆ ಮಾಡುತ್ತಾರಲ್ಲ, ಆ ಕಾರ್ಕು. ಕೆತ್ತಲು ಚಪ್ಪಲಿ ಕೆಲಸದ ಚಾಕು. ಮೈ ಹೊಳೆಯಲು ಚಾಕಲೇಟಿಗೆ ಸುತ್ತಿ ಬರುವ ಬೇಗಡೆ. ನೀರು ಇಳಿಯದಂತೆ ಬಳಿಯಲು ವಾರ್ನಿಷ್ ಬೇಕು, ಅದಕ್ಕೆ ಕಾಸಿಲ್ಲ. ಹಳೇ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಹಚ್ಚಿದ! ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ. ಕಾರ್ಕು ಹಗುರ, ಹಾಗಾಗಿ ತೇಲುತ್ತದೆ. ಮೂತಿಯ ಕೆಳಗೆ ಒಂದು ಸಣ್ಣ ತಗಡಿನ ನಾಲಿಗೆ. ದಾರ ಎಳೆದಾಗ ನೀರು ಆ ನಾಲಿಗೆಗೆ ಬಡಿದು ಮೀನು ಕೆಳಗಿಳಿಯುತ್ತದೆ, ಮೈಯನ್ನು ಅತ್ತಿತ್ತ ಆಡಿಸುತ್ತದೆ. ಥೇಟ್ ಗಾಯಗೊಂಡ ಮೀನು.

ಒಮ್ಮೆ ಮಾಡಿದರೆ ಮತ್ತೆ ಮತ್ತೆ ಬಳಸಬಹುದು. ದಿನಾ ಸಣ್ಣ ಮೀನು ಹುಡುಕುವ ಕಾಟ ತಪ್ಪಿತು. ನಮ್ಮ ಕಾವೇರಿಯಲ್ಲಿ ಮಹಶೀರ್ ಮೀನಿಗೆ ರಾಗಿ ಮುದ್ದೆಯನ್ನೇ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಅದೂ ಅಡುಗೆಮನೆಯ ಸಾಮಾನೇ, ಆದರೆ ಮುದ್ದೆ ಪ್ರತಿ ಸಲ ಹೊಸದಾಗಿ ಬೇಕು.

ಅಕ್ಕಪಕ್ಕದವರು ಕೇಳತೊಡಗಿದರು. ಲೌರಿಯ ಮಕ್ಕಳೂ ಕೆತ್ತಲು ಕೂತರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಬಂದ ಪರದೇಶದವರು ಈ ಸುಳ್ಳು ಮೀನನ್ನು ತಮ್ಮ ಊರಿಗೆ ಒಯ್ದರು. 1959ರಲ್ಲಿ ಅಮೆರಿಕದ ಮಿನ್ನೆಸೋಟಾದ ವ್ಯಾಪಾರಿ ರಾನ್ ವೆಬರ್ ಕಣ್ಣಿಗೆ ಬಿದ್ದು, ಅಲ್ಲಿಗೂ ತರಿಸಿ ಮಾರಾಟ ಶುರುವಾಯಿತು.

ಆಮೇಲಿನದ್ದು ಅದೃಷ್ಟ. ಆಗಸ್ಟ್ 1962ರಲ್ಲಿ 'ಲೈಫ್' ಪತ್ರಿಕೆ ಇದರ ಬಗ್ಗೆ ಬರೆಯಿತು. ಅದೇ ಸಂಚಿಕೆಯ ಮುಖಪುಟದಲ್ಲಿದ್ದದ್ದು ಆಗಷ್ಟೇ ತೀರಿಕೊಂಡಿದ್ದ ನಟಿ ಮರ್ಲಿನ್ ಮನ್ರೋ ಚಿತ್ರ. ಅವಳ ಸುದ್ದಿಗೆಂದು ಕೊಂಡವರೆಲ್ಲ ಒಳಗಿನ ಪುಟದಲ್ಲಿ ಮೀನಿನ ಕಥೆಯನ್ನೂ ಓದಿದರು. ಪೂರೈಸಲಾರದಷ್ಟು ಆರ್ಡರ್ ಬಂತು. ಕೈಯಲ್ಲಿ ಒಂದೊಂದೇ ಕೆತ್ತಿ ಮುಗಿಯುವ ಮಾತಲ್ಲ. ಮಷಿನ್ ಬಂತು, ಕಾರ್ಕಿನ ಜಾಗಕ್ಕೆ ಬಾಲ್ಸಾ ಎಂಬ ಹಗುರ ಮರ ಬಂತು.

ಲೌರಿ 1974ರಲ್ಲಿ ತೀರಿಕೊಂಡ. ಒಂದು ಪದ್ಧತಿಯನ್ನು ಮಾತ್ರ ಕಾರ್ಖಾನೆಯವರು ಬಿಡಲಿಲ್ಲ: ಡಬ್ಬಿಗೆ ಹಾಕುವ ಮುಂಚೆ ಪ್ರತಿ ಮೀನನ್ನೂ ನೀರಿನ ತೊಟ್ಟಿಯಲ್ಲಿ ಕೈಯಿಂದ ಎಳೆದು, ಸರಿಯಾಗಿ ಓಲಾಡುತ್ತದಾ ಅಂತ ನೋಡುವುದು.